ಹೊಸೂರು ಸೀಮೆಯಲ್ಲಿ ಕ್ರೈಸ್ತ ಬೋಧನೆ: ಅದರ ಉದ್ದೇಶವೂ ಸಿದ್ಧತೆಯೂ

'ಬೋಧನೆ' ಎಂಬ ಮಾತು ಉಪಾಧ್ಯಾಯರಾದ ನಮಗೆ ಹೊಸದಲ್ಲ. ಬೆಳಗಾದರೆ ಪಾಠದ ಟಿಪ್ಪಣಿ ಬರೆದುಕೊಂಡು, ಇಂದಿನ ಪಾಠದ ಉದ್ದೇಶವೇನು, ಅದಕ್ಕೆ ಬೇಕಾದ ಸಿದ್ಧತೆಯೇನು ಎಂದು ಎರಡು ಸಾಲು ಗೀಚಿಯೇ ನಾವು ತರಗತಿಗೆ ಕಾಲಿಡುತ್ತೇವೆ. ಇದೇ ಮಾತನ್ನು ಇದೇ ಅರ್ಥದಲ್ಲಿ, ನಮಗಿಂತ ಬಹು ಹಿಂದಿನಿಂದಲೂ, ಕ್ರೈಸ್ತ ಗುರುಗಳು ಬಳಸುತ್ತ ಬಂದಿದ್ದಾರೆ. ಗುಡಿಯ ಒಳಗೆ ವಾರಕ್ಕೊಮ್ಮೆ ನಿಂತು ಮಾತಾಡುವವನಿಗೂ ಉದ್ದೇಶವಿರಬೇಕು, ಸಿದ್ಧತೆಯಿರಬೇಕು. ಎಲ್ಲಕ್ಕಿಂತ ಮೊದಲು ಕೇಳುವವರ ಮಾತು ಅವನಿಗೆ ಬರಬೇಕು. ಹೊಸೂರು ಕೃಷ್ಣಗಿರಿಗಳಂಥ ಗಡಿಸೀಮೆಯಲ್ಲಿ ಈ ಕಡೆಯ ಮಾತೇ ದೊಡ್ಡ ತೊಡಕು. ಮನೆಯಲ್ಲಿ ತೆಲುಗು, ನೆರೆಯವರೊಡನೆ ಕನ್ನಡ, ಕಚೇರಿಯಲ್ಲಿ ತಮಿಳು, ಪೇಟೆಯಲ್ಲಿ ಉರ್ದು ಎಂಬಂತೆ ಬದುಕುವ ಜನಕ್ಕೆ ಯಾವ ಭಾಷೆಯಲ್ಲಿ ಬೋಧಿಸಬೇಕು? ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ದೊರೆತಿದೆ. ಆ ಉತ್ತರಗಳ ಚರಿತ್ರೆಯು ನಮ್ಮ ಭಾಷೆಯ ಚರಿತ್ರೆಯೂ ಆಗಿರುವುದರಿಂದ, ಕ್ರೈಸ್ತರಲ್ಲದ ವಾಚಕರಿಗೂ ಇದರಲ್ಲಿ ಕಾರ್ಯವಿದೆಯೆಂದು ಭಾವಿಸಿ ಈ ಲೇಖನವನ್ನು ಬರೆಯಲು ತೊಡಗಿದ್ದೇವೆ. ಮತತತ್ತ್ವದ ಸರಿತಪ್ಪುಗಳನ್ನು ತೂಗುವುದು ನಮ್ಮ ಕೆಲಸವಲ್ಲ.

ಮೊದಲು ಶಾಸ್ತ್ರದ ಮಾತೆರಡನ್ನು ಹೇಳಿ ಮುಂದೆ ಹೋಗೋಣ. ಬೋಧಕನ ಸಿದ್ಧತೆಯ ವಿಷಯದಲ್ಲಿ ಕ್ರೈಸ್ತರಲ್ಲಿ ಹಳೆಯ ಪ್ರಮಾಣಗ್ರಂಥವೆಂದರೆ ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಮೇತ್ರಾಣಿಯಾಗಿದ್ದ ಸಂತ ಅಗಸ್ಟೀನನು ಬರೆದ 'ಕ್ರೈಸ್ತ ಬೋಧೆಯನ್ನು ಕುರಿತು' ಎಂಬುದು. ಅದರ ನಾಲ್ಕನೆಯ ಭಾಗವನ್ನು ಆತನು ತನ್ನ ಮುಪ್ಪಿನಲ್ಲಿ, ಕ್ರಿ. ಶ. 426ರ ಸುಮಾರಿನಲ್ಲಿ ಮುಗಿಸಿದನು. ಕಲಿಸುವುದು, ಸಂತೋಷಪಡಿಸುವುದು, ಮನಸ್ಸನ್ನು ತಿರುಗಿಸುವುದು ಎಂದು ರೋಮಿನ ವಾಗ್ಮಿ ಸಿಸೆರೋ ಹೇಳಿದ್ದ ಮೂರು ಪ್ರಯೋಜನಗಳನ್ನೇ ಆತನು ಬೋಧನೆಗೂ ಅನ್ವಯಿಸಿದನು. ಬೋಧಕನು ಬಾಯಿ ತೆರೆಯುವ ಮೊದಲು ಪ್ರಾರ್ಥನೆ ಮಾಡಬೇಕೆಂದೂ ಹೇಳಿದನು. ಆದರೆ ನಮಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದು. ಲ್ಯಾಟಿನ್ ಭಾಷೆಯಲ್ಲಿ 'ಓಸ್' ಎಂದು ದೀರ್ಘವಾಗಿ ಹೇಳಿದರೆ ಬಾಯಿ, 'ಒಸ್' ಎಂದು ಹ್ರಸ್ವವಾಗಿ ಹೇಳಿದರೆ ಎಲುಬು. ಆಫ್ರಿಕದ ಜನರ ಕಿವಿಗೆ ಈ ಹ್ರಸ್ವದೀರ್ಘಗಳ ಭೇದ ತಿಳಿಯುತ್ತಿರಲಿಲ್ಲ. ಆದ್ದರಿಂದ ಎಲುಬು ಎನ್ನಬೇಕಾದಾಗ 'ಒಸ್ಸುಂ' ಎಂಬ ಹಳ್ಳಿಯ ಅಶುದ್ಧ ರೂಪವನ್ನೇ ಬಳಸುವುದು ಲೇಸು, ವೈಯಾಕರಣಿಗಳು ಬೈದುಕೊಳ್ಳಲಿ, ಜನಕ್ಕೆ ತಿಳಿಯದಿರುವುದು ಅದಕ್ಕಿಂತ ಕೆಟ್ಟದ್ದು ಎಂಬುದು ಆತನ ಅಭಿಪ್ರಾಯ. ಅಗಸ್ಟೀನನು ಅಲಂಕಾರಶಾಸ್ತ್ರದ ಅಧ್ಯಾಪಕನಾಗಿದ್ದವನು ಎಂಬುದನ್ನು ನೆನೆದರೆ ಈ ಮಾತಿನ ಬೆಲೆ ಇನ್ನೂ ಹೆಚ್ಚುತ್ತದೆ.

ನಮ್ಮಲ್ಲೊಬ್ಬರು ಮೊದಲ ಸಲ ತಳಿ ಕಡೆಯ ಹಳ್ಳಿಯೊಂದರಲ್ಲಿ ಭಾಷಣ ಮಾಡಿದಾಗ ಅಗಸ್ಟೀನನನ್ನು ಓದಿರಲಿಲ್ಲ. ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡದಲ್ಲಿ ಮುಕ್ಕಾಲು ಗಂಟೆ ಮಾತಾಡಿ ಕುಳಿತ ಮೇಲೆ, ಮುಂದಿನ ಸಾಲಿನ ಅಜ್ಜಿಯೊಬ್ಬಳು ಪಕ್ಕದವಳನ್ನು ತೆಲುಗಿನಲ್ಲಿ "ಏನು ಹೇಳಿದರಮ್ಮ?" ಎಂದು ಕೇಳಿದ್ದು ಅವರ ಕಿವಿಗೇ ಬಿತ್ತು. ಇರಲಿ.

ಯೂರೋಪಿನಲ್ಲಿ ಮಧ್ಯಯುಗದ ಕೊನೆಗೆ ಬೋಧನೆ ಸೊರಗಿತ್ತು. ಪ್ರೊಟೆಸ್ಟಂಟರು ಎದ್ದು ಬೋಧನೆಯನ್ನೇ ಆರಾಧನೆಯ ನಡುಮಧ್ಯಕ್ಕೆ ತಂದಾಗ ಕಥೋಲಿಕರೂ ಎಚ್ಚತ್ತರು. ಟ್ರೆಂಟ್ ಮಹಾಸಭೆಯು 1546ರಲ್ಲಿ ಮೇತ್ರಾಣಿಗಳಿಗೆ ಬೋಧನೆಯೇ ಮುಖ್ಯ ಕರ್ತವ್ಯವೆಂದು ವಿಧಿಸಿತು. 1563ರಲ್ಲಿ ಅದೇ ಆಜ್ಞೆಯನ್ನು ಮತ್ತೆ ಬಲಪಡಿಸಿತು. ಆ ಹೊತ್ತಿಗೆ ಯೇಸುಸಭೆಯವರು, ಎಂದರೆ ಜೆಸ್ವಿಟರು, ಹುಟ್ಟಿಕೊಂಡಿದ್ದರು. ಅವರ ಶಾಲೆಗಳಲ್ಲಿ ಅಲಂಕಾರಶಾಸ್ತ್ರವನ್ನು ವರ್ಷಗಟ್ಟಲೆ ಕಲಿಸುತ್ತಿದ್ದರು. ಹೀಗೆ ಕಲಿತು ಬಂದ ಬೋಧಕನು ಹಡಗಿನಿಂದಿಳಿದು ಗೋವೆಯಲ್ಲಿ ನಿಂತಾಗ ಅವನ ವಾಗ್ವೈಖರಿಯೆಲ್ಲ ಒಂದೇ ಕ್ಷಣದಲ್ಲಿ ಮೂಕವಾಗುತ್ತಿತ್ತು. ಸಂತ ಫ್ರಾನ್ಸಿಸ್ ಕ್ಸೇವಿಯರನ ಕಥೆಯೇ ಹಾಗೆ. 1542ರಲ್ಲಿ ತಮಿಳು ಮೀನುಗಾರರ ಕರಾವಳಿಗೆ ಬಂದ ಆತನು ವಿಶ್ವಾಸದ ಸೂತ್ರವನ್ನೂ ಜಪಗಳನ್ನೂ ಇತರರಿಂದ ತಮಿಳಿಗೆ ಮಾಡಿಸಿಕೊಂಡು, ಬಾಯಿಪಾಠ ಹಾಕಿ, ಕೈಗಂಟೆ ಬಾರಿಸುತ್ತ ಬೀದಿಯಲ್ಲಿ ಮಕ್ಕಳನ್ನು ಕೂಡಿಸಿ ಒಪ್ಪಿಸಿದನು. ಬಾಯಿಪಾಠದ ಬೋಧನೆ ಎಷ್ಟು ದೂರ ಹೋದೀತು?

ಕನ್ನಡ ನಾಡಿನ ಒಳಭಾಗಕ್ಕೆ ಬಂದವನು ಬೇರೆ ಬಗೆಯವನು. ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಾಮಿ 17ನೆಯ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ತಳಹದಿ ಹಾಕಿದನು. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಹಾಕಿಕೊಟ್ಟ ದಾರಿಯಲ್ಲಿ ಸಂನ್ಯಾಸಿಯ ವೇಷವನ್ನು ತಳೆದು, ಆಚಾರವಿಚಾರಗಳಲ್ಲಿ ದೇಶದವನಂತೆ ನಡೆದುಕೊಂಡನು. ವೇಷದ ಕಥೆಯನ್ನು ಹೇಳುವವರು ಬಹಳ. ನಮಗೆ ಅದಕ್ಕಿಂತ ಮುಖ್ಯವಾದದ್ದು ಆತನ ಮೇಜಿನ ಮೇಲಿನ ಕೆಲಸ. ಚಿನ್ನಾಮಿ ಕನ್ನಡದ ವ್ಯಾಕರಣವೊಂದನ್ನು ಬರೆದನು, ಶಬ್ದಕೋಶವೊಂದನ್ನು ಕೂಡಿಸಿದನು, ಪ್ರಶ್ನೋತ್ತರ ರೂಪದ ಧರ್ಮೋಪದೇಶವನ್ನೂ ಸಂತರ ಚರಿತ್ರೆಗಳನ್ನೂ ಕನ್ನಡದಲ್ಲಿ ರಚಿಸಿದನು. ಇವು ಅಚ್ಚಾಗಲಿಲ್ಲ, ಕೈಬರಹದಲ್ಲೇ ಒಬ್ಬರಿಂದೊಬ್ಬರಿಗೆ ಸಾಗಿದವು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಅದಕ್ಕೂ ಸುಮಾರು ಒಂದೂವರೆ ಶತಮಾನ ಮೊದಲು ಒಬ್ಬ ಪರದೇಶಿ ನಮ್ಮ ಭಾಷೆಯ ವಿಭಕ್ತಿ ಕ್ರಿಯಾಪದಗಳನ್ನು ಕಾಗದಕ್ಕೆ ಇಳಿಸಿದ್ದನು, ಅದೂ ವಿದ್ವತ್ತಿನ ಹೆಮ್ಮೆಗಲ್ಲ, ಭಾನುವಾರ ನಿಂತು ನಾಲ್ಕು ಮಾತಾಡುವುದಕ್ಕೆ ಎಂಬುದನ್ನು ನೆನೆಯಬೇಕು. ವ್ಯಾಕರಣವೇ ಆತನ ಬೋಧನೆಯ ಮೊದಲನೆಯ ಸಿದ್ಧತೆ.

ಚಿನ್ನಾಮಿಯೂ ಆತನ ಹಿಂದೆ ಬಂದವರೂ ಯೂರೋಪಿಗೆ ವರ್ಷಂಪ್ರತಿ ಕಾಗದ ಬರೆಯುತ್ತಿದ್ದರು. ಮೈಸೂರು ಸೀಮೆಯ ಅಂದಿನ ಸ್ಥಿತಿಗತಿಗಳಿಗೆ ಇವು ಒಳ್ಳೆಯ ಆಧಾರಗಳೇ. ಆದರೆ ದೂರದ ಹಿರಿಯರನ್ನು ಉತ್ಸಾಹಗೊಳಿಸಲು, ಹಣಕಾಸಿನ ನೆರವು ಬರಲು ಬರೆದ ಕಾಗದಗಳೂ ಹೌದು. ಒಂದು ಬೋಧನೆಯಿಂದ ಊರೇ ತಿರುಗಿತೆಂಬಂಥ ಮಾತುಗಳನ್ನು ಓದುವಾಗ ಇತಿಹಾಸದ ವಿದ್ಯಾರ್ಥಿಗಳು ಸ್ವಲ್ಪ ಕೈ ಬಿಗಿಹಿಡಿಯುವುದು ಒಳಿತು.

ಈ ಬೋಧಕರು ಕೇಳುಗರಿಲ್ಲದ ನಾಡಿಗೆ ಬರಲಿಲ್ಲ. ಮಠದ ಜಗುಲಿಯಲ್ಲಿ ಪುರಾಣ ಪ್ರವಚನ, ಗುಡಿಯ ಅಂಗಳದಲ್ಲಿ ಭಾರತ ವಾಚನ, ಊರ ಮುಂದೆ ಬಯಲಾಟ, ದಾಸಯ್ಯನ ಪದ ಇವುಗಳಿಂದ ಪಳಗಿದ ಕಿವಿ ಇಲ್ಲಿನವರದು. ಕಥೆಯಿಲ್ಲದ, ಹಾಡಿಲ್ಲದ ಬೋಧನೆ ಅವರಿಗೆ ಸಪ್ಪೆ. ಗೋವೆಯ ಕಡೆ ಈ ಮರ್ಮವನ್ನು ಮೊದಲು ಅರಿತವನು ಇಂಗ್ಲಿಷ್ ಜೆಸ್ವಿಟ್ ಥಾಮಸ್ ಸ್ಟೀಫನ್ಸ್. ಹೊಸ ಕ್ರೈಸ್ತರಿಗೆ ಬಿಟ್ಟುಬಂದ ಪುರಾಣಗಳ ಹಂಬಲವಿತ್ತು. ಅದಕ್ಕಾಗಿ ಆತನು ಮರಾಠಿಯ ಓವಿಯಲ್ಲಿ ರಚಿಸಿದ ಕ್ರಿಸ್ತಪುರಾಣವು 1616ರಲ್ಲಿ ಅಚ್ಚಾಯಿತು. ಕನ್ನಡಕ್ಕೆ ಇಂಥದೊಂದು ಯತ್ನ ಬರಲು ಬಹುಕಾಲ ಹಿಡಿಯಿತು. ನಿಘಂಟುಕಾರರೆಂದು ನಾವೆಲ್ಲ ಬಲ್ಲ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ಲರು 1862ರಲ್ಲಿ 'ಕಥಾಮಾಲೆ' ಎಂಬ ಹೆಸರಿನಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯಕ್ಕೆ ತಂದರು. ಅವರಿಗಿಂತ ಹಿರಿಯರಾದ ಹರ್ಮನ್ ಮೊಗ್ಲಿಂಗರು ಮಂಗಳೂರಿನಲ್ಲಿ 1848ರಿಂದ ಮುಂದಕ್ಕೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ಹಳೆಯ ಗ್ರಂಥಗಳನ್ನು ಕಲ್ಲಚ್ಚಿನಲ್ಲಿ ಹೊರತಂದದ್ದಕ್ಕೂ ಬೋಧನೆಗೂ ಸಂಬಂಧವಿಲ್ಲದಿಲ್ಲ. ಜನರ ಮನಸ್ಸಿನೊಳಗೆ ಏನಿದೆ ಎಂದು ತಿಳಿಯದೆ ಅವರೊಡನೆ ಮಾತಾಡುವುದು ಹೇಗೆ ಎಂಬ ವಿಚಾರ ಅದರ ಹಿಂದಿತ್ತು. ಬೋಧನೆಯಿಂದ ಎಷ್ಟು ಮಂದಿ ತಿರುಗಿದರೋ, ಆ ಸಿದ್ಧತೆಯ ಫಲವಂತೂ ಕನ್ನಡಿಗರೆಲ್ಲರಿಗೂ ದಕ್ಕಿತು. ಎಲ್ಲರೂ ಇಷ್ಟು ಶ್ರಮಪಟ್ಟರೆಂದಲ್ಲ. ಅದೇ ಮಿಷನ್ನಿನ ಸಾಮ್ಯುಯೆಲ್ ಹೆಬಿಕ್ ಮಲಯಾಳ ಸೀಮೆಯಲ್ಲಿ ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ತಳಿಪರಂಬ, ಪಯ್ಯಾವೂರುಗಳ ಜಾತ್ರೆಗಳಲ್ಲಿ ಗುಡುಗಿದನು. ಜನ ಆತನ ಉದ್ದನೆಯ ಗಡ್ಡವನ್ನು ನೋಡಲೂ ನೆರೆಯುತ್ತಿದ್ದರೆಂದು ಕಾಣುತ್ತದೆ.

ಈಗ ಉದ್ದೇಶದ ಮಾತು. ಬೋಧನೆಯೆಂದರೆ ಅನ್ಯಮತದವರನ್ನು ತಿರುಗಿಸುವುದೇ ಎಂದು ಹೊರಗಿನವರು ತಿಳಿಯುವುದು ಸಾಮಾನ್ಯ. ವಾಸ್ತವವಾಗಿ ಅದರ ದೊಡ್ಡ ಪಾಲು ಒಳಗಿನವರಿಗೆ. ಹುಟ್ಟಾ ಕ್ರೈಸ್ತನಾದ ರೈತನಿಗೆ ವಾರವಾರವೂ ಹೇಳಿದ್ದನ್ನೇ ಹೇಳಿ, ಮರೆತದ್ದನ್ನು ನೆನಪಿಸುವುದಕ್ಕೆ. ಈ ಭೇದವನ್ನು ಕಹಿಯಾಗಿ ಎತ್ತಿ ತೋರಿಸಿದವನು ಅಬ್ಬೆ ದ್ಯುಬುವಾ. ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಈ ಗುರುವು 1792ರಲ್ಲಿ ಭಾರತಕ್ಕೆ ಹೊರಟವನು. ಅದೇ ವರ್ಷ ಬಾರಾಮಹಲು ಟಿಪ್ಪುವಿನ ಕೈತಪ್ಪಿ ಕುಂಪಣಿಗೆ ಸೇರಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊಸೂರು ಸೀಮೆಯೂ ಸೇರಿತು. ಆಗ ಚದುರಿಹೋಗಿದ್ದ ಮೈಸೂರಿನ ಕ್ರೈಸ್ತರನ್ನು ಒಟ್ಟುಗೂಡಿಸಲು ದ್ಯುಬುವಾ ಅಲ್ಲಿಗೆ ಹೋದನು. ಜನರಂತೆ ಉಟ್ಟು, ಜನರಂತೆ ಉಂಡು, ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಒಕ್ಕಲುಗಳನ್ನು ನೆಲೆಗೊಳಿಸಿ, ಸಿಡುಬಿನ ದಾಕು ಹಾಕಿಸಿ ದುಡಿದನು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಆತನ ಗ್ರಂಥ ಲೋಕಪ್ರಸಿದ್ಧ; 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿನ ಅಭಿಪ್ರಾಯಗಳನ್ನೆಲ್ಲ ಒಪ್ಪಲಾಗದೆಂಬುದು ಬೇರೆ ಮಾತು.

ಮೂವತ್ತು ವರ್ಷಗಳ ದುಡಿಮೆಯ ಅನಂತರ 1823ರಲ್ಲಿ ತಾಯ್ನಾಡಿಗೆ ಮರಳಿದ ದ್ಯುಬುವಾ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳನ್ನು ಪ್ರಕಟಿಸಿದನು. ಹಿಂದೂಗಳನ್ನು ತಿರುಗಿಸುವ ಕಾಲ ಕಳೆದುಹೋಗಿದೆ, ಈಗಿನ ಸ್ಥಿತಿಯಲ್ಲಿ ಅದು ಆಗದ ಕೆಲಸ ಎಂಬುದು ಆ ಪತ್ರಗಳ ಸಾರ. ದೇಶಭಾಷೆಗಳಿಗೆ ಬೈಬಲನ್ನು ಅವಸರವಸರವಾಗಿ ಅನುವಾದಿಸಿ ಹಂಚುವುದರಿಂದ ನಗೆಗೀಡಾಗುವುದೇ ಹೊರತು ಫಲವಿಲ್ಲವೆಂದನು. ತಾನೂ ತನ್ನ ದೇಶೀಯ ಸಹಾಯಕ ಗುರುವೂ ಸೇರಿ ಅಷ್ಟು ವರ್ಷಗಳಲ್ಲಿ ಮತಕ್ಕೆ ಸೇರಿಸಿಕೊಂಡವರು 200ರಿಂದ 300 ಮಂದಿ ಮಾತ್ರ, ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಗೇರಿಯವರೋ ಭಿಕ್ಷುಕರೋ ಎಂದು ಲೆಕ್ಕ ಒಪ್ಪಿಸಿದನು. ಹೀಗೆ ಬರೆಯುವಾಗ ಆ ಬಡವರ ವಿಷಯದಲ್ಲಿ ಆತನ ಲೇಖನಿಯಿಂದ ಹೊರಟ ತಾತ್ಸಾರವು ನಮಗೆ ನೋವುಂಟುಮಾಡುತ್ತದೆ. ಬೋಧನೆಯನ್ನು ಮನಸ್ಸಿಟ್ಟು ಕೇಳಿದವರು ಅವರೇ ಅಲ್ಲವೆ? ಲಂಡನ್ ಕಡೆಯಲ್ಲಿ ಗದ್ದಲವೇ ಎದ್ದಿತು. ಜೇಮ್ಸ್ ಹೌ, ಹೆನ್ರಿ ಟೌನ್ಲಿ ಎಂಬಿಬ್ಬರು 1824ರಲ್ಲಿ ಆತನ ವಾದವನ್ನು ಖಂಡಿಸಿ ಪುಸ್ತಕಗಳನ್ನೇ ಬರೆದರು. ಆ ಹೊತ್ತಿಗಾಗಲೇ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ಕುಳಿತು ಬೈಬಲನ್ನು ಕನ್ನಡಿಸುತ್ತಿದ್ದನು. ಆತನ ಜೊತೆಗಾರ ವಿಲಿಯಂ ರೀವನು ಇಂಗ್ಲಿಷ್-ಕನ್ನಡ ನಿಘಂಟನ್ನು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟನ್ನು 1832ರಲ್ಲಿಯೂ ಹೊರತಂದನು. ದ್ಯುಬುವಾ ಆಗದೆಂದದ್ದು ಎಷ್ಟರಮಟ್ಟಿಗೆ ಆಯಿತು ಎಂಬುದು ಬೇರೆ ವಿಷಯ. ಬೋಧನೆಯ ಉದ್ದೇಶವೇನೆಂದು ಬೋಧಕರೇ ತಮ್ಮೊಳಗೆ ಬಹಿರಂಗವಾಗಿ ಜಗಳವಾಡಿದ್ದು ಕನ್ನಡ ನಾಡಿನ ಅನುಭವವನ್ನು ಹಿಡಿದು ಎಂಬುದು ಗಮನಾರ್ಹ.

ದ್ಯುಬುವಾನ ಸಂಸ್ಥೆಯವರೇ ಮುಂದೆ ಬೇರೆ ದಾರಿ ಹಿಡಿದರು. 1844ರಲ್ಲಿ ಪಾಂಡಿಚೇರಿಯಲ್ಲಿ ಕೂಡಿದ ಧರ್ಮಸಭೆಯು, ದೇಶೀಯರನ್ನೇ ಗುರುಗಳನ್ನಾಗಿ ಸಿದ್ಧಗೊಳಿಸುವುದು ಮುಖ್ಯ ಕಾರ್ಯವೆಂದು ನಿಶ್ಚಯಿಸಿತು. ಮೈಸೂರು ಸೀಮೆಗೆ ಮೇತ್ರಾಣಿಯಾಗಿ ಬಂದ ಶಾರ್ಬೊನೋ ಇದನ್ನು ಕೈಗೊಂಡವರಲ್ಲಿ ಒಬ್ಬರು. ಅವರ ಕಾಲದಲ್ಲಿ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟು, 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಹೊರಬಂದವು. ಇಂಗ್ಲಿಷಿನ ಹಂಗಿಲ್ಲದೆ ಲ್ಯಾಟಿನ್ನಿನಿಂದ ನೇರವಾಗಿ ಕನ್ನಡಕ್ಕೆ ಇಳಿಯುವ ಈ ಎರಡು ಗ್ರಂಥಗಳನ್ನು ನಮ್ಮ ನಿಘಂಟುಚರಿತ್ರೆಯಲ್ಲಿ ಹೆಸರಿಸುವವರು ಕಡಮೆ. ಪೂಜೆಯ ಪಾಠಗಳು ಲ್ಯಾಟಿನ್ನಿನಲ್ಲಿದ್ದುವು, ಬೋಧನೆ ಕನ್ನಡದಲ್ಲಾಗಬೇಕು. ಶನಿವಾರ ರಾತ್ರಿ ದೀಪದ ಬೆಳಕಿನಲ್ಲಿ ಆ ಎರಡರ ನಡುವೆ ಸೇತುವೆ ಕಟ್ಟುವ ಗುರುವಿಗೆ ಇಂಥ ಪುಸ್ತಕವೇ ಬೇಕಾಗಿತ್ತು.

ಶಬ್ದಗಳ ವಿಷಯ ಬಂದಿತಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಕಥೋಲಿಕರು ದೇವರನ್ನು 'ಸರ್ವೇಶ್ವರ' ಎಂದರು. ಡಿ ನೊಬಿಲಿಯ ತಮಿಳಿನಲ್ಲಿಯೂ ಇದೇ ಶಬ್ದವಿದೆ. ಪ್ರೊಟೆಸ್ಟಂಟರ ಬೈಬಲು 'ಯೆಹೋವ' ಎಂದಿತು. ಒಬ್ಬರಿಗೆ ಜ್ಞಾನಸ್ನಾನ, ಇನ್ನೊಬ್ಬರಿಗೆ ದೀಕ್ಷಾಸ್ನಾನ. ಒಬ್ಬರಿಗೆ ಶುಭಸಂದೇಶ, ಇನ್ನೊಬ್ಬರಿಗೆ ಸುವಾರ್ತೆ. ಒಬ್ಬರಿಗೆ ಪೂಜೆ, ಇನ್ನೊಬ್ಬರಿಗೆ ಆರಾಧನೆ. ಸರ್ವೇಶ್ವರ ಎಂದರೆ ವೀರಶೈವ ರೈತನ ಕಿವಿಗೆ ಶಿವನ ಹೆಸರು ಕೇಳಿಸುತ್ತದೆ, ದೀಕ್ಷೆ ಎಂದರೆ ಮಠದ ನೆನಪಾಗುತ್ತದೆ. ಹೊಸ ಅರ್ಥಕ್ಕೆ ಹಳೆಯ ಶಬ್ದವನ್ನು ಹಿಡಿದರೆ ಹಳೆಯ ಅರ್ಥವೂ ಜೊತೆಗೆ ಬರುತ್ತದೆ. ಹೊಸ ಶಬ್ದವನ್ನೇ ತಂದರೆ ಯಾರಿಗೂ ತಿಳಿಯುವುದಿಲ್ಲ. ಬೋಧಕನು ಈ ಎರಡರ ನಡುವೆ ಆಯ್ದುಕೊಳ್ಳಬೇಕು. ಬೋಧನೆಗೇ ಪ್ರೊಟೆಸ್ಟಂಟರಲ್ಲಿ ಬಳಕೆಗೊಂಡ ಶಬ್ದ 'ಪ್ರಸಂಗ'. ಕನ್ನಡದಲ್ಲಿ ಪ್ರಸಂಗವೆಂದರೆ ಸಂದರ್ಭ, ಯಕ್ಷಗಾನದವರಿಗೆ ಆಡುವ ಕಥೆ. ತಮಿಳಿನಲ್ಲಿ ಪಿರಸಂಗಂ ಎಂದರೆ ಭಾಷಣ. ಎರಡು ಭಾಷೆಯೂ ಬಲ್ಲ ನಮ್ಮ ಗಡಿಯವರಿಗೆ ಪ್ರಸಂಗವೆಂದ ಕೂಡಲೆ ಅರ್ಥವಾಗುತ್ತಿದ್ದುದು ತಮಿಳಿನ ನೆರವಿನಿಂದ ಇದ್ದೀತು. 'ಅಧಿಕಪ್ರಸಂಗಿ' ಎಂಬ ಕನ್ನಡದ ಬೈಗುಳವನ್ನು ಬಲ್ಲ ತುಂಟ ಹುಡುಗರಿಗೆ, ಬೋಧನೆ ಒಂದು ಗಂಟೆ ಮೀರಿದ ದಿನ, ಈ ಶಬ್ದವು ಒಳ್ಳೆಯ ವಿನೋದವನ್ನೂ ಒದಗಿಸಿರಬೇಕು.

ಮಿಷನರಿಯನ್ನೇ ಕುರಿತು ಬರೆದ ಪುಸ್ತಕಗಳು ಮರೆಯುವ ಒಬ್ಬ ವ್ಯಕ್ತಿಯಿದ್ದಾನೆ, ಅವನೇ ಉಪದೇಶಿ. ಗುರುವು ಒಂದು ಊರಿಗೆ ವರ್ಷದಲ್ಲಿ ಎರಡು ಮೂರು ಸಲ ಬಂದರೆ ಹೆಚ್ಚು. ಮಿಕ್ಕ ದಿನಗಳಲ್ಲಿ ಮಕ್ಕಳಿಗೆ ಜಪ ಕಲಿಸುವವನು, ಸಾಯುವವನ ಹಾಸಿಗೆಯ ಬಳಿ ಕೂರುವವನು, ಭಾನುವಾರ ಜನರನ್ನು ಕೂಡಿಸಿ ಮಾತಾಡುವವನು ಉಪದೇಶಿಯೇ. ಹಲವು ಕಡೆ ಊರ ಶಾಲೆಯ ಮೇಷ್ಟರೂ ಅವನೇ. ಗುರುವಿನ ಕನ್ನಡವು ನಿಘಂಟಿನಿಂದ ಬಂದದ್ದು; ಉಪದೇಶಿಯ ಕನ್ನಡವು ಕೆರೆಯ ಏರಿಯ ಮೇಲಿನಿಂದ ಬಂದದ್ದು. ಇಂಥವರನ್ನು ಸಿದ್ಧಪಡಿಸುವುದಕ್ಕೆಂದೇ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಪಾಠಶಾಲೆ ನಡೆಸಿದರು. ಅವರಲ್ಲಿ 1844ರಲ್ಲಿ ಕ್ರೈಸ್ತರಾದ ಆನಂದರಾವ್ ಕೌಂಡಿನ್ಯರು ಬಾಸೆಲಿಗೇ ಹೋಗಿ ಓದಿ ಗುರುದೀಕ್ಷೆ ಪಡೆದು ಬಂದರು. ಆದರೆ ಹೆಸರು ಉಳಿದದ್ದು ಅಂಥ ಒಬ್ಬಿಬ್ಬರದು. ಮತ್ತಿಗಿರಿ, ಆನೇಕಲ್ಲು, ಎಲತ್ತಗಿರಿ ಕಡೆಗಳಲ್ಲಿ ತಲೆಮಾರುಗಟ್ಟಲೆ ಜಪ ಹೇಳಿಕೊಟ್ಟ ಉಪದೇಶಿಗಳ ಹೆಸರುಗಳು ಯಾವ ಮುದ್ರಿತ ಪುಸ್ತಕದಲ್ಲಿಯೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಕೃಷ್ಣಗಿರಿಯ ಕಥೆ ಬೇರೆ. ಲೈಪ್ಸಿಗ್ ಮಿಷನ್ನಿನಲ್ಲಿದ್ದ ನೇತರ್, ಮೋನ್ ಎಂಬ ಇಬ್ಬರು ಜರ್ಮನ್ ಬೋಧಕರು, ಬೈಬಲಿನ ಪ್ರಾಮಾಣ್ಯದ ವಿಷಯದಲ್ಲಿ ಮನಸ್ತಾಪ ಬಂದು ಆ ಸಂಸ್ಥೆಯನ್ನು ಬಿಟ್ಟು, ಅಮೆರಿಕದ ಮಿಸೌರಿ ಲೂಥರನ್ನರ ಪರವಾಗಿ 1895ರಲ್ಲಿ ಕೃಷ್ಣಗಿರಿಗೆ ಬಂದರು. ಮರುವರ್ಷ ಮೋನ್ ಆಂಬೂರಿಗೆ ಹೋದನು. ನೇತರ್ ಕೃಷ್ಣಗಿರಿಯಲ್ಲೇ ಇದ್ದು 1904ರಲ್ಲಿ ಪ್ಲೇಗಿಗೆ ತುತ್ತಾದನು. ಇವರ ಹಿಂದಿನ ಕೆಲಸವೆಲ್ಲ ತಮಿಳು ನಾಡಿನಲ್ಲಿ ನಡೆದದ್ದರಿಂದ ಅವರಿಗೆ ಬರುತ್ತಿದ್ದ ದೇಶಭಾಷೆ ತಮಿಳು. ಸಹಜವಾಗಿಯೇ ಬೋಧನೆಯೂ ಶಾಲೆಯೂ ತಮಿಳಿನ ದಾರಿ ಹಿಡಿದುವು. ಇದರಲ್ಲಿ ಯಾರ ಒಳಸಂಚೂ ಇಲ್ಲ. ಬೋಧಕನು ಎಲ್ಲಿ ಸಿದ್ಧನಾದನೋ ಅಲ್ಲಿನ ಭಾಷೆ ಅವನ ಜೊತೆಯಲ್ಲಿ ಪ್ರಯಾಣ ಮಾಡುತ್ತದೆ, ಅಷ್ಟೆ. ಆದರೆ ಕನ್ನಡವನ್ನೋ ತೆಲುಗನ್ನೋ ಮನೆಯಲ್ಲಾಡುವ ಕೇಳುಗನು ಅಂದಿನಿಂದ ದೇವರ ಮಾತನ್ನು ಎರಡನೆಯ ಭಾಷೆಯಲ್ಲಿ ಕೇಳುವವನಾದನು.

ಕಥೋಲಿಕರಲ್ಲಿ ಇದೇ ಮಾರ್ಪಾಡು ಇನ್ನೊಂದು ಬಗೆಯಲ್ಲಿ ಆಯಿತು. ಸರ್ಕಾರದ ಲೆಕ್ಕದಲ್ಲಿ ಹೊಸೂರು ತಾಲ್ಲೂಕು ಮದರಾಸಿನ ಸೇಲಂ ಜಿಲ್ಲೆಗೆ ಸೇರಿದ್ದರೂ, ಧರ್ಮಸಭೆಯ ಲೆಕ್ಕದಲ್ಲಿ ಮೈಸೂರು ಪ್ರಾಂತ್ಯಕ್ಕೆ ಸೇರಿತ್ತು. ಗುರುಗಳು ಬೆಂಗಳೂರು ಮೈಸೂರುಗಳ ಕಡೆಯಿಂದ ಬರುತ್ತಿದ್ದರು. 1930ರಲ್ಲಿ ಪಾಂಡಿಚೇರಿ, ಕುಂಭಕೋಣ, ಮೈಸೂರು ಪ್ರಾಂತ್ಯಗಳ ಭಾಗಗಳನ್ನು ಕೂಡಿಸಿ ಸೇಲಂ ಧರ್ಮಪ್ರಾಂತ್ಯವನ್ನು ಮಾಡಿದಾಗ ಈ ನಂಟು ಕಡಿಯಿತು. ಭಾಷಾವಾರು ಪ್ರಾಂತ ರಚನೆಯಾಗಿ ಹೊಸೂರು ಮದರಾಸಿನಲ್ಲೇ ಉಳಿದದ್ದು 1956ರಲ್ಲಿ; ಗುಡಿಯ ಗಡಿ ಅದಕ್ಕಿಂತ 26 ವರ್ಷ ಮೊದಲೇ ಜರುಗಿತ್ತು. ನಮ್ಮ ಸೀಮೆಯ ಚರಿತ್ರೆ ಬರೆಯುವವರು ನವಂಬರ್ 1ರ ತಾರೀಖನ್ನೇ ಮೊದಲು ಮಾಡಿಕೊಳ್ಳುವುದು ವಾಡಿಕೆ. ಅಷ್ಟು ಸಾಲದೆಂದು ನಮ್ಮ ನಮ್ರ ಅಭಿಪ್ರಾಯ. ಮುಂದೆ 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗಳಾದುವು. ಧರ್ಮಪುರಿ ಧರ್ಮಪ್ರಾಂತ್ಯವು 1997ರಲ್ಲಿ ಸೇಲಮಿನಿಂದ ಬೇರೆಯಾಯಿತು.

ಇಷ್ಟರ ನಡುವೆ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯಿತು. 1963ರ ಡಿಸೆಂಬರಿನಲ್ಲಿ ಅದು ಹೊರಡಿಸಿದ ಶಾಸನದಂತೆ ಲ್ಯಾಟಿನ್ನಿನ ಜೊತೆಗೆ ದೇಶಭಾಷೆಗಳಿಗೂ ಪೂಜೆಯಲ್ಲಿ ಎಡೆ ದೊರೆಯಿತು. ಬೋಧನೆಯು ಪೂಜೆಯ ಅಂಗವೇ, ಭಾನುವಾರ ಅದನ್ನು ಬಿಡಕೂಡದು ಎಂದೂ ವಿಧಿಸಲಾಯಿತು. ಲ್ಯಾಟಿನ್ ಎಲ್ಲರಿಗೂ ಸಮನಾಗಿ ತಿಳಿಯದ ಭಾಷೆಯಾಗಿತ್ತು, ಆದ್ದರಿಂದ ಜಗಳವಿರಲಿಲ್ಲ. ದೇಶಭಾಷೆ ಎಂದ ಕೂಡಲೆ ಯಾರ ಭಾಷೆ ಎಂಬ ಪ್ರಶ್ನೆ ಹುಟ್ಟಿತು. ಬೆಂಗಳೂರಿನ ಗುಡಿಗಳಲ್ಲಿ ಕನ್ನಡ ತಮಿಳುಗಳ ವ್ಯಾಜ್ಯ ಎಷ್ಟು ಕಾಲ ನಡೆಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಅಲ್ಲಿ ಕನ್ನಡಿಗರ ದೂರು ಯಾವುದಾಗಿತ್ತೋ, ಗಡಿಯ ಈಚೆಗೆ ಅದೇ ದೂರನ್ನು ಕೇಳಲೂ ಸಂಖ್ಯೆಯಿಲ್ಲದಷ್ಟು ಕಡಮೆ ಮಂದಿ ನಾವಾಗಿದ್ದೆವು. ಶಾಲೆಯಲ್ಲಿಯೂ ಅದೇ ಸ್ಥಿತಿ. 2006ರ ತಮಿಳು ಕಲಿಕೆಯ ಕಾನೂನು ಬಂದ ಮೇಲೆ ಹೊಸೂರು ಕಡೆಯ ಕನ್ನಡ ಮಕ್ಕಳೂ ತಮಿಳನ್ನು ಮೊದಲನೆಯ ಭಾಷೆಯಾಗಿ ಓದಬೇಕಾಯಿತು. ಈ ಮಕ್ಕಳು ತಮಿಳನ್ನು ಚೆನ್ನಾಗಿ ಕಲಿಯುವುದು ನಮಗೂ ಸಂತೋಷವೇ. ಕನ್ನಡ ಅಕ್ಷರ ಓದಲಾರದೆ ಬೆಳೆಯುವುದು ದುಃಖ.

ಮತ್ತಿಗಿರಿಯ ಕಡೆಯಲ್ಲಿಯೂ ಆನೇಕಲ್ಲಿನ ಸರಹದ್ದಿನ ಹಳ್ಳಿಗಳಲ್ಲಿಯೂ ಹಳೆಯ ಜಪದ ಪುಸ್ತಕ, ಜ್ಞಾನೋಪದೇಶದ ಪ್ರಶ್ನೋತ್ತರ, ಉಪದೇಶಿಗಳ ಕೈಬರಹದ ನೋಟುಪುಸ್ತಕ ಇವು ಪೆಟ್ಟಿಗೆಯ ತಳದಲ್ಲಿ ಇನ್ನೂ ಇರಬಹುದು. ಗೋರಿಕಲ್ಲಿನ ಬರಹ, ಮದುವೆಯ ದಾಖಲೆಯ ಭಾಷೆ, ಮುದುಕಿಯರ ಬಾಯಲ್ಲಿರುವ ಕನ್ನಡ ಜಪ ಇವನ್ನೂ ಬರೆದಿಟ್ಟುಕೊಳ್ಳುವುದು ಅಗತ್ಯ. ಆ ಕಡೆಯ ಶಾಲೆಗಳಲ್ಲಿರುವ ಉಪಾಧ್ಯಾಯ ಮಿತ್ರರು ಗುಡಿಯ ಗುರುಗಳ ಅಪ್ಪಣೆ ಪಡೆದು ಇವನ್ನು ನಕಲು ಮಾಡಿಕೊಳ್ಳಬಹುದು. ಯಾವ ಊರಿನಲ್ಲಿ ಬೋಧನೆಗೆ ಯಾವ ಶಬ್ದ, ಪ್ರಸಂಗವೋ ಪ್ರಬೋಧನೆಯೋ ಉಪದೇಶವೋ, ಮತ್ತು ಅಲ್ಲಿ ಕನ್ನಡದಲ್ಲಿ ಕಡೆಯ ಬೋಧನೆ ನಡೆದದ್ದು ಯಾವ ವರ್ಷವೆಂದು ಹಿರಿಯರ ನೆನಪು, ಇವೆರಡನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿದರೂ ಮುಂದಿನ ಸಂಚಿಕೆಯಲ್ಲಿ ಊರುವಾರು ಪಟ್ಟಿಯೊಂದನ್ನು ಕೊಡಲು ನಮಗೆ ಸಾಧ್ಯವಾಗುತ್ತದೆ.